ಹಿಮ್ಮಡಿ ನೋವಿಗೆ ಪಿಆರ್‌ಪಿ ಇಂಜೆಕ್ಷನ್ ಹಾಕಿಸ್ಬೇಕಾ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಶುಗರ್ ಇದೆ. ಏಳೆಂಟು ತಿಂಗಳಿಂದ ಹಿಮ್ಮಡಿಗಿಂತ ಸ್ವಲ್ಪ ಮೇಲೆ ನರ ದಪ್ಪಗಾಗಿ ನೋವು, ಬೆಳಿಗ್ಗೆ ಎದ್ದು ಹತ್ತು ಹೆಜ್ಜೆ ಗೋಡೆ ಹಿಡ್ಕೊಂಡೇ ಹಾಕ್ಬೇಕು. ಒಂದು ಕ್ಲಿನಿಕ್‌ನಲ್ಲಿ ಪಿಆರ್‌ಪಿ ಹಾಕಿದ್ರೆ ಹೊಸ ನರ ಬೆಳೆಯುತ್ತೆ ಅಂದ್ರು, ಇನ್ನೊಂದು ಕಡೆ ಸ್ಟೆಮ್ ಸೆಲ್ ಪ್ಯಾಕೇಜ್ ಹೇಳಿದ್ರು. ಯಾವುದು ಮಾಡಿಸೋದು ಸಾರ್?

ಉತ್ತರ: ನಾವೆಲ್ಲ ನರ ಅಂತಾನೇ ಕರಿಯೋದು, ಆದ್ರೆ ಅದು ಮೀನಖಂಡವನ್ನ ಹಿಮ್ಮಡಿ ಮೂಳೆಗೆ ಕಟ್ಟಿರೋ ಹಗ್ಗ, ಅಕಿಲಿಸ್ ಟೆಂಡನ್. ಹೊಸದು ಬೆಳೆಯುತ್ತೆ ಅನ್ನೋ ಮಾತು ಮಾತ್ರ ನಂಬ್ಬೇಡಿ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಅನ್ನೋ ವಿಕಿರಣ ಇಂಗಾಲ ಆಗ ಬೆಳೀತಿದ್ದವರ ಮೈಯಲ್ಲೂ ಸೇರ್ಕೊಂಡಿತ್ತು, ಅದನ್ನ ಅಳೆದು ಡೆನ್ಮಾರ್ಕ್‌ನವ್ರು 2013ರಲ್ಲಿ ಹೇಳಿದ್ದೇನಂದ್ರೆ ಈ ಟೆಂಡನ್ನಿನ ತಿರುಳು 17 ವರ್ಷ ದಾಟಿದ್ಮೇಲೆ ಹೆಚ್ಚುಕಮ್ಮಿ ಬದಲಾಗೋದೇ ಇಲ್ಲ ಅಂತ. ಅಂದ್ರೆ ನಿಮ್ಮ ತಂದೆ ಪಿಯುಸಿ ವಯಸ್ಸಿನ ಹಗ್ಗದ ಮೇಲೇ ಇವತ್ತೂ ಓಡಾಡ್ತಿದಾರೆ!

ಪಿಆರ್‌ಪಿ ಅಂದ್ರೆ ಅವರದೇ ರಕ್ತ ತೆಗೆದು, ಮಷೀನಲ್ಲಿ ತಿರುಗಿಸಿ, ಪ್ಲೇಟ್ಲೆಟ್ ಜಾಸ್ತಿ ಇರೋ ಹಳದಿ ಭಾಗ ಮಾತ್ರ ನೋವಿರೋ ಕಡೆ ಚುಚ್ಚೋದು. 2021ರಲ್ಲಿ ಬ್ರಿಟನ್ನಿನ 240 ಅಕಿಲಿಸ್ ಪೇಷಂಟ್‌ಗಳ ಮೇಲಿನ ಟ್ರಯಲ್ ಬಂತು, ಕೆಲವರಿಗೆ ಒಂದು ಪಿಆರ್‌ಪಿ, ಉಳಿದವ್ರಿಗೆ ಸುಮ್ನೆ ಸೂಜಿ ಚುಚ್ಚಿದ ನಾಟಕ, ಆರು ತಿಂಗಳಾದ್ಮೇಲೆ ನೋಡಿದ್ರೆ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ಹಾಗಾಗಿ ಮೊದಲೇ ದುಡ್ಡು ಸುರಿಯೋ ಚಿಕಿತ್ಸೆ ಇದಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಜೀವಕೋಶ ಆಗಬಲ್ಲ ಮೂಲ ಕೋಶ) ಅಂತೂ ಬೇಡವೇ ಬೇಡ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಇಂಥದಕ್ಕೆಲ್ಲ ಅದನ್ನ ಟ್ರಯಲ್ ಬಿಟ್ಟು ದುಡ್ಡಿಗೆ ಮಾರೋ ಹಾಗೇ ಇಲ್ಲ.

ಮತ್ತೇನು ಮಾಡೋದು? ಸ್ವೀಡನ್ನಿನ ಆಲ್ಫ್ರೆಡ್‌ಸನ್ ಅನ್ನೋ ಮೂಳೆ ಡಾಕ್ಟರ್‌ಗೇ ಈ ನೋವಿತ್ತಂತೆ, ಅವರ ಬಾಸ್ ಆಪರೇಷನ್ ಮಾಡಲ್ಲ ಅಂದಿದ್ದಕ್ಕೆ ಟೆಂಡನ್ ಹರಿದೇ ಹೋಗ್ಲಿ ಅಂತ ಹಠಕ್ಕೆ ಭಾರ ಹಾಕಿದ್ರೆ ನೋವೇ ಹೋಯ್ತಂತೆ. ಹಾಗೆ ಭಾರ ಹಾಕಿ ನಿಧಾನಕ್ಕೆ ಹಿಮ್ಮಡಿ ಇಳಿಸೋ ವ್ಯಾಯಾಮನ 1998ರಲ್ಲಿ 15 ಜನ ಓಟಗಾರರಿಗೆ ಮಾಡಿಸಿದ್ರು, 12 ವಾರಕ್ಕೆ ಎಲ್ರೂ ಮತ್ತೆ ಓಡಿದ್ರು. ಅವ್ರು ನಡುವಯಸ್ಸಿನವ್ರು, ನಿಮ್ಮ ತಂದೆಗೆ ನಿಧಾನಕ್ಕೆ ಶುರು ಮಾಡ್ಬೇಕು: ಅಡುಗೆಮನೆ ಕಟ್ಟೆ ಹಿಡ್ಕೊಂಡು ಸಮ ನೆಲದ ಮೇಲೆ ಎರಡೂ ಕಾಲಲ್ಲಿ ತುದಿಗಾಲಿಗೆ ಏಳೋದು, ಇಳಿಯುವಾಗ ಮನಸ್ಸಲ್ಲೇ ಐದು ಎಣಿಸ್ತಾ ಹಿಮ್ಮಡಿ ಇಳಿಸೋದು. ಒಂದು ಸುತ್ತಿಗೆ 15ರಂತೆ ಮೂರು ಸುತ್ತು. ಆರಾಮಾಗಿ ಬಂದ್ರೆ ಏಳೋದು ಎರಡೂ ಕಾಲಲ್ಲಿ, ಇಳಿಯೋದು ನೋವಿರೋ ಕಾಲೊಂದರಲ್ಲೇ, ಆಮೇಲೆ ಮೆಟ್ಟಿಲ ಅಂಚಿನ ಮೇಲೆ. ಸ್ವಲ್ಪ ನೋವು ಇರುತ್ತೆ ಪರ್ವಾಗಿಲ್ಲ, ಮಾರನೇ ಬೆಳಿಗ್ಗೆ ಜಾಸ್ತಿ ಆದ್ರೆ ಎಣಿಕೆ ಇಳಿಸಿ. ಶುಗರ್ ಇರೋರಿಗೆ ಟೆಂಡನ್ ಬಿಗಿಯಾಗಿರುತ್ತೆ, ಹಾಗಾಗಿ ಮೂರು ತಿಂಗಳಿಗಿಂತ ಜಾಸ್ತಿ ಹಿಡಿಬಹುದು, ಪಾದದ ಸ್ಪರ್ಶ ಕಮ್ಮಿ ಆಗಿದ್ರೆ ಮೆಟ್ಟಿಲು ಬೇಡ, ಫಿಸಿಯೋ ಮುಂದೆನೇ ಮಾಡಿಸಿ.

ಇನ್ನೊಂದು, ಯೂರಿನ್ ಇನ್‌ಫೆಕ್ಷನ್ ಅಂತ ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಥರದ ಮಾತ್ರೆ ತಗೊಂಡಿದ್ರಾ ಕೇಳಿ ನೋಡಿ. 60 ದಾಟಿದವ್ರಿಗೆ ಇವು ಟೆಂಡನ್ ಹರಿಯೋ ಅಪಾಯ ತರ್ತವೆ, ಜೊತೆಗೆ ಸ್ಟೆರಾಯ್ಡ್ ಸೇರಿದ್ರೆ ಇನ್ನೂ ಜಾಸ್ತಿ. ಯಾರಾದ್ರೂ ಅಲ್ಲಿಗೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಡ್ತೀನಿ ಅಂದ್ರೂ ಬೇಡ ಅನ್ನಿ. ನಡೀತಾ ನಡೀತಾ ಯಾರೋ ಹಿಂದಿನಿಂದ ಒದ್ದ ಹಾಗೆ ಟಪ್ ಅಂದು ತುದಿಗಾಲಲ್ಲಿ ನಿಲ್ಲೋಕೆ ಆಗ್ದೇ ಹೋದ್ರೆ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.