ಮಸಾಯಿ ಮಾರಾದಲ್ಲಿ ನದಿ ದಂಡೆಯ ಐಷಾರಾಮಿ ಟೆಂಟ್‌ಗೆ ಅಷ್ಟೊಂದು ಹಣ ಕೊಡಬಹುದೇ?

ನೀವು ಕೇಳಿರುವುದು ಮೂರು ವಿಷಯ. ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ನದಿ ಪಕ್ಕದ ದುಬಾರಿ ಟೆಂಟ್ ಕ್ಯಾಂಪ್ ಆ ಬೆಲೆಗೆ ತಕ್ಕದ್ದೇ? ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ನದಿ ದಾಟುವುದು ಟೆಂಟಿನಿಂದಲೇ ಕಾಣುತ್ತದೆಯೇ? ಅರವತ್ತೈದು ದಾಟಿದ ತಾಯಿಯನ್ನು ಅಲ್ಲಿ ಧೈರ್ಯವಾಗಿ ಮಲಗಿಸಬಹುದೇ? ಮಾರಾ ನದಿಯ ತಿರುವೊಂದರಲ್ಲಿರುವ ಅಂಥ ಕ್ಯಾಂಪ್‌ನಲ್ಲಿ ನಾನು ಉಳಿದಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ.

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಕಾಣುವುದಿಲ್ಲ ಎಂದೇ ಇಟ್ಟುಕೊಳ್ಳಿ. ಹಿಂಡುಗಳು ಮಾರಾದಲ್ಲಿರುವುದು ಸುಮಾರು ಜುಲೈಯಿಂದ ಅಕ್ಟೋಬರ್‌ವರೆಗೆ. ಅವು ದಾಟುವುದು ದಂಡೆ ಇಳಿಜಾರಾಗಿರುವ, ಆಚೆ ದಡ ಬಯಲಾಗಿ ಕಾಣುವ ಕೆಲವೇ ಜಾಗಗಳಲ್ಲಿ. ಕ್ಯಾಂಪ್ ಕಟ್ಟುವವರು ಹುಡುಕುವುದೋ ಮರಗಳ ನೆರಳಿರುವ ಎತ್ತರದ ದಂಡೆಯನ್ನು. ಎರಡೂ ಒಂದೇ ಕಡೆ ಕೂಡಿ ಬರುವುದು ಅಪರೂಪ. ಅಲ್ಲದೆ ಸಾವಿರಾರು ಪ್ರಾಣಿಗಳು ನೀರಿನ ಅಂಚಿಗೆ ಬಂದು, ಗಂಟೆಗಟ್ಟಲೆ ನಿಂತು, ಏನೋ ನೆನಪಾದವರಂತೆ ಹಿಂದಿರುಗಿ ಹೋಗುವುದೂ ಉಂಟು. ದಾಟುವುದನ್ನು ನೋಡಲೇಬೇಕಿದ್ದರೆ ಜೀಪಿನಲ್ಲಿ ಕಾಯಬೇಕು. ಜಾಹೀರಾತಿನಲ್ಲಿ ವರಾಂಡದ ಕುರ್ಚಿ, ಕಾಫಿ ಲೋಟ, ಹಿಂದೆ ನದಿ ದಾಟುತ್ತಿರುವ ಹಿಂಡು ಒಂದೇ ಚಿತ್ರದಲ್ಲಿದ್ದರೆ ನಂಬಿಕೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಇನ್ನು ಬೆಲೆಯ ಮಾತು. ಇದಕ್ಕೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನೀವು ಮಧ್ಯಾಹ್ನ ಏನು ಮಾಡುವವರು? ಸಾಮಾನ್ಯವಾಗಿ ಸಫಾರಿ ಬೆಳಿಗ್ಗೆ ಆರು, ಆರೂವರೆಗೆ ಹೊರಟು ಹತ್ತರ ಸುಮಾರಿಗೆ ಮರಳುತ್ತದೆ. ಮತ್ತೆ ಹೊರಡುವುದು ನಾಲ್ಕರ ಮೇಲೆ. ನಡುವಿನ ಐದಾರು ಗಂಟೆ ನೀವು ಕ್ಯಾಂಪ್‌ನಲ್ಲಿರುತ್ತೀರಿ. ಬುತ್ತಿ ಕಟ್ಟಿಸಿಕೊಂಡು ದಿನವಿಡೀ ಜೀಪಿನಲ್ಲೇ ಸುತ್ತುವ ಹುರುಪು ನಿಮಗಿದ್ದರೆ ನದಿ ದಂಡೆಗೆ ಹಣ ಸುರಿಯುವುದು ವ್ಯರ್ಥ. ಅಭಯಾರಣ್ಯದ ತಾಲೆಕ್ ಗೇಟಿನ ಆಸುಪಾಸಿನ ಸಾದಾ ಕ್ಯಾಂಪ್‌ನಲ್ಲಿ ಮಲಗಿ. ಬಯಲಿನಲ್ಲಿ ಕಾಣುವ ಸಿಂಹ ನೀವು ಎಲ್ಲಿ ಉಳಿದಿದ್ದೀರಿ ಎಂದು ವಿಚಾರಿಸುವುದಿಲ್ಲ.

ಆದರೆ ಸುಮ್ಮನೆ ಕುಳಿತು ನೋಡುವುದು ನಿಮಗೆ ಇಷ್ಟವಾದರೆ ಲೆಕ್ಕವೇ ಬೇರೆ. ನನ್ನ ಟೆಂಟಿನ ಮುಂದಿನ ಮರದ ಹಲಗೆಯ ಕಟ್ಟೆಯ ಕೆಳಗೆ ನದಿ ಕಂದು ಬಣ್ಣದಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಮಡುವಿನಲ್ಲಿ ನೀರಾನೆಗಳ ಗುಂಪು. ಮೊದಲ ಅರ್ಧ ಗಂಟೆ ಅವು ಬರೀ ಬಂಡೆಗಳು. ಆಮೇಲೆ ಯಾವುದು ಯಾವುದನ್ನು ತಳ್ಳುತ್ತದೆ, ಯಾವ ಮರಿ ತಾಯಿಯ ಬೆನ್ನೇರುತ್ತದೆ, ಯಾವ ಗಂಡಿಗೆ ಎಲ್ಲರೂ ದಾರಿ ಬಿಡುತ್ತಾರೆ ಎಂಬುದು ತಿಳಿಯತೊಡಗುತ್ತದೆ. ಅವುಗಳ ದನಿಯನ್ನಂತೂ ಮರೆಯಲಾಗದು: ಊಟ ಮುಗಿಸಿದ ಮನೆಯ ಯಜಮಾನ ತನ್ನದೇ ಮಾತಿಗೆ ತಾನೇ ನಕ್ಕಂತಿರುತ್ತದೆ. ಎದುರಿನ ಮರಳಿನಲ್ಲಿ ಬಾಯಿ ತೆರೆದು ಬಿದ್ದಿದ್ದ ಮೊಸಳೆ ಇಡೀ ಮಧ್ಯಾಹ್ನ ಮಿಸುಕಲಿಲ್ಲ. ಆನೆಗಳು ನೀರಿಗೆ ಇಳಿದಾಗ ಕ್ಯಾಂಪ್‌ನ ಅಡುಗೆಯವರೂ ಕೆಲಸ ಬಿಟ್ಟು ಬಂದು ನಿಂತರು. ದಿನಾ ನೋಡುವವರೇ ಹಾಗೆ ನಿಂತರೆಂದ ಮೇಲೆ ಬೇರೆ ಶಿಫಾರಸು ಬೇಕೇ? ಜೀಪಿನಲ್ಲಿ ಪ್ರಾಣಿ ಸಿಕ್ಕಿತು, ಚಿತ್ರ ತೆಗೆದೆವು, ಮುಂದಕ್ಕೆ ಹೋದೆವು ಎಂಬ ಓಟವೇ ಹೆಚ್ಚು. ಒಂದೇ ಜಾಗದ ದಿನಚರಿ ಗೊತ್ತಾಗುವುದು ದಂಡೆಯಲ್ಲಿ ಮಾತ್ರ. ನಾನು ಹಣ ಕೊಟ್ಟದ್ದು ಅದಕ್ಕೆ, ಮತ್ತೆ ಕೊಡಲೂ ಸಿದ್ಧ.

ತಾಯಿಯವರ ವಿಷಯ. ಟೆಂಟ್ ಎಂದರೆ ನೆಲದ ಮೇಲಿನ ಚಾಪೆ ಎಂದುಕೊಳ್ಳಬೇಡಿ. ಮಂಚ, ಹಾಸಿಗೆ, ಹಿಂಬದಿಗೆ ಸೇರಿಕೊಂಡ ಶೌಚಾಲಯ, ಬಿಸಿನೀರು ಎಲ್ಲವೂ ಇರುತ್ತವೆ. ಗೋಡೆ ಮಾತ್ರ ಕ್ಯಾನ್ವಾಸ್, ಬಾಗಿಲಿಗೆ ಜಿಪ್. ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಹಾಗೂ ಅದಕ್ಕಿಂತ ಎತ್ತರದಲ್ಲಿರುವುದರಿಂದ ರಾತ್ರಿ ಚಳಿ ಚೆನ್ನಾಗಿಯೇ ಹಿಡಿಯುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ರಗ್ಗಿನೊಳಗೆ ಬಿಸಿನೀರಿನ ಚೀಲ ಇಟ್ಟು ಹೋಗಿರುತ್ತಾರೆ. ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ತಾಯಿಯವರು ಕತ್ತಲಲ್ಲಿ ಅದನ್ನು ಮುಟ್ಟಿ ಕಿರುಚಿಯಾರು.

ರಾತ್ರಿ ನೀರಾನೆಗಳು ಮೇಯಲು ದಡ ಹತ್ತುತ್ತವೆ. ಒಂದು ನೀರಾನೆ ರಾತ್ರಿಗೆ ಸುಮಾರು 40 ಕಿಲೋ ಹುಲ್ಲು ತಿನ್ನುತ್ತದೆ, ಅದರಲ್ಲಿ ಒಂದಷ್ಟು ನಿಮ್ಮ ಟೆಂಟಿನ ಪಕ್ಕದ್ದೇ ಆಗಿರಬಹುದು. ಹುಲ್ಲು ಕೀಳುವ ಸದ್ದು ತಲೆದಿಂಬಿಗೆ ಕೇಳುತ್ತದೆ. ಒಳಗಿದ್ದು ಜಿಪ್ ಹಾಕಿಕೊಂಡಿದ್ದರೆ ಅವು ಸಾಮಾನ್ಯವಾಗಿ ಟೆಂಟಿನ ಗೊಡವೆಗೆ ಬರುವುದಿಲ್ಲ. ಅಪಾಯವಿರುವುದು ಹೊರಗೆ, ಅದರಲ್ಲೂ ನೀರಾನೆ ಮತ್ತು ನೀರಿನ ನಡುವೆ ಸಿಕ್ಕಿಕೊಂಡವರಿಗೆ. ಅದಕ್ಕೇ ಕತ್ತಲಾದ ಮೇಲೆ ಒಬ್ಬರೇ ಓಡಾಡಲು ಬಿಡುವುದಿಲ್ಲ, ಸ್ಥಳೀಯ ಮಸಾಯಿ ಜನಾಂಗದ ಕಾವಲುಗಾರ ಟಾರ್ಚ್ ಹಿಡಿದು ಜೊತೆಗೆ ಬರುತ್ತಾನೆ. ಟೆಂಟಿನಲ್ಲಿ ಹಣ್ಣು, ಬಿಸ್ಕತ್ತು ಇಡಬಾರದು. ಕೋತಿಗಳು ಜಿಪ್ ಎಳೆಯುವುದರಲ್ಲಿ ನಮಗಿಂತ ಚುರುಕು.

ನಿಜ ಹೇಳಬೇಕೆಂದರೆ ವಯಸ್ಸಾದವರಿಗೆ ಪ್ರಾಣಿಗಳಿಗಿಂತ ಮೆಟ್ಟಿಲುಗಳ ಕಾಟವೇ ಹೆಚ್ಚು. ಎತ್ತರದ ದಂಡೆಯ ಕ್ಯಾಂಪ್‌ಗಳಲ್ಲಿ ಟೆಂಟ್‌ಗಳು ಸಾಲಾಗಿ ಹರಡಿಕೊಂಡಿರುತ್ತವೆ, ಕೊನೆಯದು ಊಟದ ಜಾಗದಿಂದ ಬಹಳ ದೂರ. ಕಾಯ್ದಿರಿಸುವಾಗಲೇ ಊಟದ ಜಾಗಕ್ಕೆ ಹತ್ತಿರದ್ದನ್ನು ಕೇಳಿ. ರಾತ್ರಿ ಸಹಾಯ ಬೇಕಾದರೆ ಕರೆಯುವುದು ಹೇಗೆ, ಸೀಟಿಯೋ ರೇಡಿಯೋವೋ, ಅದನ್ನೂ ಕೇಳಿ. ನೈರೋಬಿಯಿಂದ ರಸ್ತೆಯಲ್ಲಿ ಐದಾರು ಗಂಟೆ, ಕೊನೆಯ ಭಾಗ ಸೊಂಟ ಮುರಿಯುವಂಥದು. ಅಲ್ಲಿನ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಸುಮಾರು ಮುಕ್ಕಾಲು ಗಂಟೆ. ತಾಯಿಯವರಿಗಾಗಿ ಎಲ್ಲಿಯಾದರೂ ಖರ್ಚು ಮಾಡುವುದಿದ್ದರೆ ಈ ವಿಮಾನಕ್ಕೆ ಮಾಡಿ. ಆದರೆ ಸಾಮಾನು ಸಾಮಾನ್ಯವಾಗಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಸಸ್ಯಾಹಾರದ ಚಿಂತೆ ಬೇಡ, ಮೊದಲೇ ಹೇಳಿದರೆ ಸಾಕು. ಚಪಾತಿ ಕೀನ್ಯಾದವರಿಗೆ ಮನೆಯ ಊಟವೇ ಆಗಿಬಿಟ್ಟಿದೆ.

ಕ್ಯಾಂಪ್‌ನ ಬೆಲೆಯಲ್ಲಿ ಅಭಯಾರಣ್ಯದ ಶುಲ್ಕ ಸೇರಿದೆಯೇ ಎಂದು ತಪ್ಪದೆ ವಿಚಾರಿಸಿ. 2024ರಿಂದ ಹೊರದೇಶದ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಅಭಯಾರಣ್ಯದೊಳಗೆ ರಾತ್ರಿ ಸಫಾರಿ ಇಲ್ಲ, ದಾರಿ ಬಿಟ್ಟು ವಾಹನ ಇಳಿಸುವಂತಿಲ್ಲ. ಪಕ್ಕದ ಕನ್ಸರ್ವೆನ್ಸಿಗಳಲ್ಲಿ, ಅಂದರೆ ಖಾಸಗಿ ವನ್ಯಜೀವಿ ಪ್ರದೇಶಗಳಲ್ಲಿ, ಇವೆರಡಕ್ಕೂ ಅವಕಾಶವಿದೆ, ವಾಹನಗಳ ಗದ್ದಲವೂ ಕಡಿಮೆ. ಅದು ಮಸಾಯಿ ಕುಟುಂಬಗಳ ಜಮೀನು, ಕ್ಯಾಂಪ್‌ಗಳು ಅವರಿಗೆ ಬಾಡಿಗೆ ಕೊಡುತ್ತವೆ. ಮಾರಾ ನಾರ್ತ್ ಕನ್ಸರ್ವೆನ್ಸಿಯ ಅಂಚಿನಲ್ಲಿ ಮಾರಾ ನದಿಯೇ ಹರಿಯುತ್ತದೆ. ಆಯ್ಕೆ ನನ್ನದಾದರೆ ಅಲ್ಲಿಂದಲೇ ಹುಡುಕಲು ಶುರುಮಾಡುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ಬೆಲೆ ಇಳಿದಿರುವುದನ್ನು ನೋಡಿ ಆಸೆಪಡುವ ಮುನ್ನ ಒಂದು ಸಂಗತಿ ತಿಳಿದಿರಲಿ. 2024ರ ಮೇ ಆರಂಭದಲ್ಲಿ ಮಾರಾದ ಉಪನದಿ ತಾಲೆಕ್ ಉಕ್ಕಿ ದಂಡೆಯ ಹಲವು ಕ್ಯಾಂಪ್‌ಗಳು ನೀರಿನಲ್ಲಿ ಮುಳುಗಿದವು, ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಪಾರು ಮಾಡಬೇಕಾಯಿತು. ದೊಡ್ಡ ಮಳೆಯ ಕಾಲದಲ್ಲಿ ಹೋಗುವುದಾದರೆ ಟೆಂಟ್ ನೀರಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳಲು ಸಂಕೋಚಪಡಬೇಡಿ.

ಇನ್ನೊಂದು. ಕೀನ್ಯಾದಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು, ಅದು ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಾಗಿ ಕ್ಯಾಂಪ್‌ಗೆ ಮುಂಗಡ ಕಟ್ಟುವ ಮೊದಲೇ ತಾಯಿಯವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿಬಿಡಿ.