ಮಗನಿಗೆ ಜ್ವರ ಮರಳಿ ಬಂದದ್ದು ಕ್ಲೋರೋಕ್ವಿನ್‌ನ ದೋಷವಲ್ಲ

ಆರು ವರ್ಷದ ಮಗಳಿಗೆ ವೈವಾಕ್ಸ್ ಮಲೇರಿಯಾ ಎಂದು ಗೊತ್ತಾಗಿದೆ, ಕ್ಲೋರೋಕ್ವಿನ್ ಹಳೆಯದಾದ್ದರಿಂದ ಆರ್ಟಿಮಿಸಿನಿನ್ ಔಷಧಿಯನ್ನೇ ಕೇಳಬೇಕೇ ಎಂದಿದ್ದೀರಿ. ಶಹಾಪುರ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಮಗನಿಗೂ ಅದೇ ವಯಸ್ಸಿನಲ್ಲಿ ಇದೇ ಜ್ವರ ಬಂದಿತ್ತು. ದಿನ ಬಿಟ್ಟು ದಿನ ಮಧ್ಯಾಹ್ನ ಎರಡು ಕೌದಿ ಹೊದಿಸಿದರೂ ಹುಡುಗ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದ.

ಮೂರು ದಿನದ ಕ್ಲೋರೋಕ್ವಿನ್‌ಗೇ ಜ್ವರ ಬಿಟ್ಟಿತು. ಅದರ ಜೊತೆ 14 ದಿನ ಕೊಡಲು ಪ್ರೈಮಾಕ್ವಿನ್ ಮಾತ್ರೆಗಳೂ ಇದ್ದವು. ಶಾಲೆಗೆ ತಡವಾದೀತೆಂದು ನಾನು ಅವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲೇ ಕೊಡುತ್ತಿದ್ದೆ. ಐದನೆಯ ದಿನ ಅವನು ಹೊಟ್ಟೆ ಹಿಡಿದುಕೊಂಡು, "ಯಪ್ಪಾ, ಹೊಟ್ಟಿ ನೋಯ್ಲಾಕತ್ತದ" ಎಂದು ಅತ್ತ. ಜ್ವರವೇ ಇಲ್ಲದ ಮಗುವಿಗೆ ಈ ಹಿಂಸೆ ಏಕೆಂದು ಮಾತ್ರೆ ನಿಲ್ಲಿಸಿ, ಉಳಿದ ಒಂಬತ್ತು ದಿನದ ಮಾತ್ರೆಗಳನ್ನು ದೇವರ ಜಗಲಿಯ ಮೇಲಿಟ್ಟೆ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ, ಯಕೃತ್ತಿನಲ್ಲಿ ಮಲಗಿರುವ ವೈವಾಕ್ಸ್ ಅನ್ನು ಮುಟ್ಟುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಎರಡೂವರೆ ತಿಂಗಳಿಗೆ ಅದೇ ನಡುಕ ಮರಳಿತು. ಕಾಲುವೆಯ ಸೊಳ್ಳೆಗಳನ್ನು ದೂರುತ್ತಿದ್ದ ನನಗೆ ವೈದ್ಯರು ಜಗಲಿಯ ಮೇಲಿನ ಮಾತ್ರೆಗಳ ಅರ್ಥವನ್ನು ಬಿಡಿಸಿ ಹೇಳಿದರು: ಯಕೃತ್ತಿನಲ್ಲಿ ಮಲಗಿರುವುದನ್ನು ಕೊಲ್ಲುವುದು ಆ ಪ್ರೈಮಾಕ್ವಿನ್. ಎರಡನೆಯ ಸಲ ರಾತ್ರಿ ಹಾಲು-ರೊಟ್ಟಿ ಉಂಡ ಮೇಲೆ ಕೊಟ್ಟೆವು. ಹೊಟ್ಟೆನೋವು ಬರಲಿಲ್ಲ, 14 ದಿನವೂ ಮುಗಿದವು.

ಆದ್ದರಿಂದ ಯಾವ ಔಷಧಿ ಹೆಚ್ಚು ಬಲವಾದುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆರ್ಟಿಮಿಸಿನಿನ್ ಸಂಯುಕ್ತ ಔಷಧಿಯೂ ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲದು. ಅದು ಬೇಕಾಗುವುದು ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೆ. ಅಲ್ಲಿ ಕ್ಲೋರೋಕ್ವಿನ್ ನಂಬಲಾಗದು. ಮಗು ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ, ಕುಡಿದದ್ದನ್ನೆಲ್ಲ ಕಾರಿಕೊಂಡರೆ ಮಾತ್ರೆಯ ಮಾತೇ ಇಲ್ಲ, ಕೂಡಲೇ ಆಸ್ಪತ್ರೆಗೆ ಒಯ್ದು ಆರ್ಟಿಮಿಸಿನಿನ್ ಗುಂಪಿನದೇ ಆದ ಆರ್ಟಿಸುನೇಟ್ ಇಂಜೆಕ್ಷನ್ ಕೊಡಿಸಬೇಕು. ತೀವ್ರ ಮಲೇರಿಯಾದ 5425 ಆಫ್ರಿಕನ್ ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಳೆಯ ಔಷಧಿ ಕ್ವಿನೈನ್ ಪಡೆದವರಲ್ಲಿ ಶೇ. 10.9, ಆರ್ಟಿಸುನೇಟ್ ಪಡೆದವರಲ್ಲಿ ಶೇ. 8.5 ಮಕ್ಕಳು ತೀರಿಕೊಂಡಿದ್ದರು.

ನಿಮ್ಮ ಮಗಳ ಚೀಟಿಯಲ್ಲಿ ಪ್ರೈಮಾಕ್ವಿನ್ ಇದೆಯೇ ಎಂದು ಇವತ್ತೇ ನೋಡಿರಿ. ಇದ್ದರೆ, ಕೊಡುವ ಮೊದಲು ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ, ಏಕೆಂದರೆ ಆ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಮಗುವನ್ನು ತೋರಿಸಿರಿ.