ಸರಪಳಿಯಲ್ಲ, ಜೀರುಕುಣಿಕೆ: ನಿಮ್ಮ ಲೇಖನ ಕುರಿತು

ನಮಸ್ಕಾರ.

ಶ್ವಾಸಕೋಶದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೆ ಈ ವಿಷಯ ಕನ್ನಡದಲ್ಲಿ ಬರಲೇಬೇಕು, ಹಾಗಾಗಿ ತಿದ್ದಿ ಕಳಿಸಿ.

ದೊಡ್ಡ ತೊಡಕು ಮೂರನೆಯ ಪ್ಯಾರಾದಲ್ಲಿದೆ. ನೆರೆಕೋಶಗಳನ್ನು ಹಿಡಿಯುವ ಇ-ಕ್ಯಾಡ್‌ಹೆರಿನ್ ಪ್ರೋಟೀನಿನ ಕೋಶದೊಳಗಿನ ಬಾಲಕ್ಕೆ ಬೀಟಾ-ಕ್ಯಾಟೆನಿನ್, ಅದಕ್ಕೆ ಆಲ್ಫಾ-ಕ್ಯಾಟೆನಿನ್ ಎಂಬ ಕೊಂಡಿ ಪ್ರೋಟೀನುಗಳು, ಅದಕ್ಕೆ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ತಂತು 'ಸರಪಳಿಯಂತೆ ಭದ್ರವಾಗಿ ಬೆಸೆದಿದೆ' ಎಂದಿದ್ದೀರಿ. ಕ್ರಮ ಸರಿ, ಬೆಸುಗೆ ತಪ್ಪು. 2005ರಲ್ಲಿ ಶುದ್ಧೀಕರಿಸಿದ ಪ್ರೋಟೀನುಗಳನ್ನು ಬೆರೆಸಿ ನೋಡಿದಾಗ, ಬೀಟಾ-ಕ್ಯಾಟೆನಿನ್ ಜೊತೆಗಿದ್ದ ಆಲ್ಫಾ-ಕ್ಯಾಟೆನಿನ್ ಆಕ್ಟಿನ್ನನ್ನು ಗಟ್ಟಿಯಾಗಿ ಹಿಡಿಯಲೇ ಇಲ್ಲ. ಈ ಒಗಟು ಬಿಡಿಸಿದ್ದು 2014ರ ಪ್ರಯೋಗ. ಆಕ್ಟಿನ್ ತಂತುವನ್ನು ಲೇಸರ್ ಚಿಮಟದಲ್ಲಿ ಹಿಡಿದು ಎಳೆದಾಗ ಹಿಡಿತ ಹೆಚ್ಚು ಹೊತ್ತು ಉಳಿಯಿತು! ಎಳೆದರೆ ಬಿಗಿಯುವ ಇದನ್ನು ಜೀರುಕುಣಿಕೆ ಎಂದರೆ ನಮ್ಮ ಓದುಗರಿಗೆ ಥಟ್ಟನೆ ಹೊಳೆಯುತ್ತದೆ. ಎಳೆತ ಮಿತಿ ಮೀರಿದರೆ ಹಿಡಿತ ಕಳಚುತ್ತದೆ ಎಂಬುದನ್ನೂ ಸೇರಿಸಿ. ಸುಮಾರು 5 ಪೈಕೋನ್ಯೂಟನ್ (ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪೈಕೋನ್ಯೂಟನ್) ಎಳೆತಕ್ಕೆ ಆಲ್ಫಾ-ಕ್ಯಾಟೆನಿನ್‌ನ ನಡುಭಾಗ ಬಿಚ್ಚಿಕೊಳ್ಳುತ್ತದೆ, ಅಲ್ಲಿ ವಿನ್‌ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಕೂತು ಇನ್ನಷ್ಟು ಆಕ್ಟಿನ್ ಹಿಡಿಯುತ್ತದೆ. ಲೇಖನದ ಜೀವ ಇಲ್ಲಿದೆ, ಇದಕ್ಕೆ ಒಂದು ಪುಟ ಕೊಟ್ಟರೂ ಹೆಚ್ಚಲ್ಲ.

ಎರಡನೆಯದು, ಶ್ವಾಸಕೋಶ ನಿಮ್ಮ ಶೀರ್ಷಿಕೆಯಲ್ಲಷ್ಟೇ ಇದೆ. ಒಳಗಿರುವ ಮಾತೆಲ್ಲ ಕರುಳಿಗೂ ಸಲ್ಲುತ್ತದೆ. ನಿಮಿಷಕ್ಕೆ 12ರಿಂದ 20 ಸಲ ಹಿಗ್ಗಿ ಕುಗ್ಗುವ ಅಂಗ ಇದು. ಗಾಳಿಗೂಡಿನ ಒಳಮೈಯಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಹೊದ್ದಿರುವ ಒಂದನೇ ಬಗೆಯ ಕೋಶಗಳ ದಪ್ಪ ಬಹುತೇಕ ಕಡೆ 0.2 ಮೈಕ್ರೋಮೀಟರಿನಷ್ಟೇ. ಪಕ್ಕದ ಲೋಮನಾಳದ ಕೋಶಗಳನ್ನು ಹಿಡಿದಿಡುವುದು ಅದೇ ಕುಟುಂಬದ ವಿಇ-ಕ್ಯಾಡ್‌ಹೆರಿನ್. ಅಲ್ಲಿಗೆ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ತಾಗಿದರೆ ರೋ-ಎ (RhoA) ಎಂಬ ಸಂದೇಶ ಸಾಗಿಸುವ ಪ್ರೋಟೀನ್ ಚುರುಕಾಗಿ, ಎಳೆಯುವ ಪ್ರೋಟೀನಾದ ಮಯೋಸಿನ್ ಆಕ್ಟಿನ್ನನ್ನು ಜಗ್ಗಿ, ಕೋಶಗಳ ನಡುವೆ ಬಿರುಕು ಬಿಡುತ್ತದೆ. ದ್ರವ ಸೋರಿ ಗಾಳಿಗೂಡು ತುಂಬಿದರೆ ಆಮ್ಲಜನಕ ರಕ್ತಕ್ಕೆ ದಾಟದು. 'ಎಳೆದರೆ ಬಿಗಿಯುತ್ತದೆ ಎಂದಿರಿ, ಈಗ ಹರಿಯುತ್ತದೆ ಎನ್ನುತ್ತೀರಲ್ಲ' ಎಂದು ಜಾಣ ಓದುಗ ಕೇಳಿಯೇ ಕೇಳುತ್ತಾನೆ. ಕೋಶದ ಅಂಚಿಗುಂಟ ಸಾಗುವ ಆಕ್ಟಿನ್ ಪಟ್ಟಿ ಜೋಡಣೆಯನ್ನು ಕಾಯುತ್ತದೆ, ಅಂಚಿಗೆ ಅಡ್ಡವಾಗಿ ಒಳಮುಖ ಜಗ್ಗುವ ದಪ್ಪ ಆಕ್ಟಿನ್ ಕಟ್ಟುಗಳು ಅದನ್ನು ಕೀಳುತ್ತವೆ. ಚಿತ್ರದಲ್ಲಿ ಎರಡೂ ದಿಕ್ಕಿನ ಬಾಣಗಳಿರಲಿ.

ಇಂಟೆಗ್ರಿನ್ನನ್ನು ಕ್ಯಾಡ್‌ಹೆರಿನ್ ಜೊತೆ ಕಲಸಿದ್ದೀರಿ. ಇಂಟೆಗ್ರಿನ್ ಮುಖ್ಯವಾಗಿ ಕೋಶವನ್ನು ಕೆಳಗಿನ ಆಧಾರ ಪದರಕ್ಕೆ ಕಟ್ಟುವಂಥದ್ದು, ಆಕ್ಟಿನ್ನಿಗೆ ಸೇರುವುದು ಟ್ಯಾಲಿನ್ ಎಂಬ ಪ್ರೋಟೀನ್ ಮೂಲಕ. ಬೇರೆ ಪ್ಯಾರಾ ಮಾಡಿ. ಕೋಶಗಳ ನಡುವಿನ ಇನ್ನೊಂದು ಬಗೆಯ ಜೋಡಣೆಯಾದ ಡೆಸ್ಮೋಸೋಮ್ ಆಕ್ಟಿನ್ ಬದಲು ಕೆರಟಿನ್ ತಂತುಗಳನ್ನು ಹಿಡಿಯುತ್ತದೆ ಎಂಬುದಕ್ಕೆ ಒಂದು ಸಾಲು ಸಾಕು.

'ಎ549 ಎಂಬ ಸಹಜ ಶ್ವಾಸಕೋಶ ಕೋಶ' ಎಂದು ಬರೆದದ್ದನ್ನು ತೆಗೆಯಲೇಬೇಕು. ಅದು 1972ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಿಂದ ಬೆಳೆಸಿದ ಕೋಶಸಂತತಿ. ಅದರ ಪದರ ಸಹಜ ಪದರದಷ್ಟು ಬಿಗಿಯಾದ ತಡೆ ಕಟ್ಟುವುದಿಲ್ಲ.

'ಕೋಶದ ಅಸ್ಥಿಪಂಜರ' ಎಂಬ ಪದವೂ ದಾರಿ ತಪ್ಪಿಸುತ್ತದೆ. ಓದುಗನ ಕಣ್ಣಿಗೆ ಮೂಳೆ ಬರುತ್ತದೆ, ಆಕ್ಟಿನ್ ತಂತುವೋ ಒಂದು ತುದಿಯಲ್ಲಿ ಬೆಳೆಯುತ್ತಾ ಇನ್ನೊಂದರಲ್ಲಿ ಕರಗುತ್ತಿರುತ್ತದೆ. 'ತಂತುಜಾಲ' ಎನ್ನಿ.

ಶುರುವಿಗೆ ವ್ಯಾಖ್ಯೆ ಬೇಡ. ತಟ್ಟೆಯಲ್ಲಿ ಒತ್ತಾಗಿ ಬೆಳೆದ ಕೋಶಗಳಿಗೆ ಕ್ಯಾಲ್ಸಿಯಂ ಹೀರುವ ಇಜಿಟಿಎ ಎಂಬ ರಾಸಾಯನಿಕ ಹಾಕಿ, ಕ್ಯಾಡ್‌ಹೆರಿನ್ ಹಿಡಿತಕ್ಕೆ ಬೇಕಾದ ಕ್ಯಾಲ್ಸಿಯಂ ಕಿತ್ತುಕೊಂಡರೆ ಅವು ನೆರೆಯವರ ಕೈಬಿಟ್ಟು ದುಂಡಗಾಗುತ್ತವೆ, ಕ್ಯಾಲ್ಸಿಯಂ ಮರಳಿಸಿದರೆ ಮತ್ತೆ ಕೂಡುತ್ತವೆ. ಅಲ್ಲಿಂದ ಆರಂಭಿಸಿ.